ಕಾಲುವೆಯಾಚೆಯ ಅಣ್ಣ

ಜೇಬಿನಲ್ಲಿ ಸಿಕ್ಕಿದ್ದನ್ನು ಇಸ್ತ್ರಿಯಕ್ಕ ಓದುತ್ತಿರಲಿಲ್ಲ. ಚೀಟಿಯಿರಲಿ, ಪತ್ರವಿರಲಿ, ಆಸ್ಪತ್ರೆಯ ರಿಪೋರ್ಟಿರಲಿ, ಮಡಿಚಿದ್ದನ್ನು ಮಡಿಚಿದ ಹಾಗೆಯೇ ಒಂದು ಕವರಿಗೆ ಹಾಕಿ ಬಟ್ಟೆಗಂಟಿನ ಮೇಲೆ ಪಿನ್ನು ಚುಚ್ಚಿ ಕಳಿಸುವಳು. ಹದಿನಾಲ್ಕನೇ ವಯಸ್ಸಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಅಪ್ಪನ ಪಕ್ಕ ನಿಂತು ಇಸ್ತ್ರಿಪೆಟ್ಟಿಗೆ ಹಿಡಿದವಳು ಅವಳು. ಯಾರ ಅಂಗಿಯ ಕಾಲರು ಎಷ್ಟು ಸವೆದಿದೆ, ಯಾರ ಮನೆಯಲ್ಲಿ ಎರಡು ಹಾಸಿಗೆಯ ಚಾದರ ಇದ್ದದ್ದು ಒಂದಾಗಿದೆ, ಯಾರ ಸೀರೆಯ ಸೆರಗಿನಲ್ಲಿ ಕಣ್ಣೀರಿನ ಉಪ್ಪಿದೆ, ಎಲ್ಲವೂ ಅವಳ ಕೈಗೆ ಗೊತ್ತಾಗುತ್ತಿತ್ತು. ಕೈಗೆ ಗೊತ್ತಾದದ್ದು ಬಾಯಿಗೆ ಬರುತ್ತಿರಲಿಲ್ಲ. "ನಮ್ಮ ಸೊಸೆ ಬಾಯಿಂದ ಒಂದು ಮಾತು ಹೊರಡಿಸೋದೂ ಒಂದೇ, ಕಲ್ಲು ಹಿಂಡಿ ನೀರು ತೆಗೆಯೋದೂ ಒಂದೇ," ಎಂದು ಅವಳ ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅತ್ತೆಗೆ ಆ ಕಷ್ಟ ಇರಲಿಲ್ಲ. ಸೊಸೆಯ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು.

ಅಂಗಡಿ ಕಾಲುವೆಯ ಈಚೆ ದಡದಲ್ಲಿತ್ತು, ಸೇತುವೆ ಇಳಿದು ಎಡಕ್ಕೆ ಮೂರನೆಯದು. ಕಾಲುವೆಗೆ ಈಚೆ ಒಂದು ಜನ, ಆಚೆ ಇನ್ನೊಂದು ಜನ. ಮಾತು ಹೆಚ್ಚುಕಡಿಮೆ ಒಂದೇ, ಕೆಲಸಕ್ಕೆ ಹೋಗುವ ಗಿರಣಿ ಒಂದೇ. ಸಂಬಂಧ ಬೆಳೆಸುವುದು ಮಾತ್ರ ಬೇರೆ, ಸತ್ತ ಮೇಲೆ ಹೋಗುವ ಜಾಗ ಬೇರೆ. ಆರು ವರ್ಷದ ಕೆಳಗೆ ಒಂದು ಬೆಳಿಗ್ಗೆ, ಆಚೆಯವರು ನೀರಿನ ಟ್ಯಾಂಕಿಗೆ ಏನೋ ಸುರಿದಿದ್ದಾರೆ ಎಂದು ಈಚೆ ಸುದ್ದಿಯಾಯಿತು. ಅದೇ ಹೊತ್ತಿಗೆ ಈಚೆಯವರು ಸುರಿದಿದ್ದಾರೆ ಎಂದು ಆಚೆಯೂ ಸುದ್ದಿಯಾಯಿತು. ಮಧ್ಯಾಹ್ನದೊಳಗೆ ಎರಡು ಹೆಣ ಬಿದ್ದವು, ಕಡೆಗೊಂದು. ಆಮೇಲೆ ನೋಡಿದರೆ ಟ್ಯಾಂಕಿನವನು ತೊಳೆಯುವ ಪುಡಿ ಹಾಕಿ ಊಟಕ್ಕೆ ಹೋಗಿದ್ದ, ಅಷ್ಟೆ.

ಆ ಗಲಾಟೆ ತಣ್ಣಗಾದ ಮೇಲೆ ಟೀಚರಮ್ಮ ಬಂದರು. ನಿವೃತ್ತಿಯಾದ ಮೇಲೆ ಒಂದು ಶಾಂತಿ ಸಂಸ್ಥೆಗೆ ಸೇರಿದ್ದ ಅವರು ಎರಡೂ ಕಡೆ ಮನೆಮನೆ ತಿರುಗಿ, ಹತ್ತು ಹತ್ತು ಜನರನ್ನು ಆರಿಸಿ, ಶಾಲೆಯ ಹಾಲಿನಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿ ಕೂರಿಸಿದರು. ಮೊದಲ ದಿನ ಅರ್ಧ ಗಂಟೆ ಯಾರೂ ತುಟಿ ಎರಡು ಮಾಡಲಿಲ್ಲ. ಕೊನೆಗೆ ಆಚೆಯ ಬೇಕರಿಯವನು, ಹುಬ್ಬಿನಲ್ಲೂ ಮೈದಾ ಮೆತ್ತಿಕೊಂಡಿದ್ದ ದಪ್ಪ ಮನುಷ್ಯ, ಎದ್ದು ನಿಂತು, "ಟೀಚರಮ್ಮ, ಒಲೆ ಒಳಗೆ ಬನ್ನು ಬಿಟ್ಟು ಬಂದಿದೀನಿ. ಜಗಳ ಆಡೋದಾದ್ರೆ ಬೇಗ ಆಡಿ ಮುಗಿಸೋಣ," ಎಂದ. ಒಬ್ಬರು ನಕ್ಕರು, ಇನ್ನೊಬ್ಬರು ನಕ್ಕರು. ಅಲ್ಲಿಂದ ಮಾತು ಹರಿಯಿತು. ಈಚೆಯವರ ಬಾಯಲ್ಲಿ ಅವನು ಬನ್ನಣ್ಣನಾದ.

ಟೀಚರಮ್ಮನ ಯೋಜನೆ ಸರಳವಾದದ್ದು. ಸುದ್ದಿ ಹುಟ್ಟಿದ ತಕ್ಷಣ ಈಚೆಯ ಒಬ್ಬರು ಆಚೆಯ ಒಬ್ಬರಿಗೆ ಫೋನು ಮಾಡಿ ಕೇಳಬೇಕು. ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಬೇಕು. "ನೋಡಿದೀರಾ?" ಎಂದು ಕೇಳಬೇಕು, "ನೋಡಿದೀನಿ" ಎಂದರೆ ಮಾತ್ರ ನಂಬಬೇಕು. ಮಾತಾಡುವ ಹಾಗಿಲ್ಲದಿದ್ದರೆ ಫೋನು ಎತ್ತಬಾರದು; ಎತ್ತಲಿಲ್ಲ ಎಂದರೆ ಅಪಾಯ ಎಂದು ತಿಳಿಯಬೇಕು. ಆಚೆಗೆ ಬನ್ನಣ್ಣನನ್ನು ಎಲ್ಲರೂ ಒಪ್ಪಿದರು. ಈಚೆಗೆ ಯಾರು ಎಂದಾಗ ಹೆಂಗಸರೆಲ್ಲ ಒಂದೇ ಬಾಯಲ್ಲಿ, "ಇಸ್ತ್ರಿಯಕ್ಕ," ಎಂದರು. "ಒಂದಕ್ಕೆ ಎರಡು ಸೇರಿಸೋಳಲ್ಲ ಅವಳು," ಎಂದು ಗಡಿಯಾರದಜ್ಜ ಹೇಳಿದ. ಪಕ್ಕದ ಗೂಡಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕ ಅವನು.

ಆ ಫೋನಿನಿಂದ ಎಷ್ಟೋ ಕೇಡು ತಪ್ಪಿತು. ಹುಡುಗಿಯೊಬ್ಬಳನ್ನು ಆಚೆಯವರು ಹೊತ್ತುಕೊಂಡು ಹೋದರು ಎಂದು ಒಮ್ಮೆ ಸುದ್ದಿಯಾಯಿತು. ಹುಡುಗಿ ಚಿಕ್ಕಮ್ಮನ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಇನ್ನೊಮ್ಮೆ, ಲಾರಿ ತುಂಬ ಹೊರಗಿನವರು ಬಂದು ಇಳಿದಿದ್ದಾರೆ ಎಂದು ಈಚೆಯವರು ದೊಣ್ಣೆ ಹುಡುಕುತ್ತಿದ್ದಾಗ ಇಸ್ತ್ರಿಯಕ್ಕ ಫೋನು ಮಾಡಿದಳು.

"ಬಂದಿರೋದು ನಿಜ ತಂಗಿ," ಎಂದ ಬನ್ನಣ್ಣ. "ಐವತ್ತು ಜನ ಇದ್ದಾರೆ. ಎಲ್ಲರೂ ಕುರಿಗಳು. ನಿಮ್ಮವರು ನಮ್ಮವರು ಅನ್ನೋ ಭೇದ ಅವಕ್ಕೆ ಇದ್ದ ಹಾಗಿಲ್ಲ, ಎಲ್ಲರ ಬಾಗಿಲಲ್ಲೂ ಹಿಕ್ಕೆ ಹಾಕ್ತಿವೆ."

ಆ ಮಾತು ವರ್ಷಗಟ್ಟಲೆ ಬೀದಿಯಲ್ಲಿ ಓಡಾಡಿತು.

ಮೊದಮೊದಲು ಅವಳು ಅವನಿಗೆ "ನೀವು" ಎನ್ನುತ್ತಿದ್ದಳು. ಅವಳ ಮಗಳಿಗೆ ಆಪರೇಷನ್ ಆದಾಗ ಅವನು ಹೆಂಡತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಬಂದು, ಮೂರು ದಿನ ಬಿಸಿ ಬ್ರೆಡ್ಡು ತಂದುಕೊಟ್ಟ ಮೇಲೆ ಅದು ತಾನಾಗಿಯೇ "ನೀನು" ಆಯಿತು. ಅವಳಿಗೆ ಒಡಹುಟ್ಟಿದವರಿರಲಿಲ್ಲ. ನಲವತ್ತರ ಮೇಲೆ ಒಬ್ಬ ಅಣ್ಣ ಸಿಕ್ಕಿದ ಎಂದು ಒಮ್ಮೆ ಗಂಡನ ಹತ್ತಿರ ಹೇಳಿದ್ದಳು. ಅವಳ ಮಟ್ಟಿಗೆ ಅದು ದೊಡ್ಡ ಭಾಷಣ. ಗಂಡ ಲಿಫ್ಟ್ ಮೆಕ್ಯಾನಿಕ್, ಅವನೂ ಮಾತು ಕಮ್ಮಿ. "ಒಳ್ಳೇದೇ ಆಯ್ತು," ಎಂದ. ಅತ್ತೆ ಮಾತ್ರ, "ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ," ಎಂದು ಎಚ್ಚರಿಸಿದಳು. ಆದರೆ ಬಾಯಲ್ಲಿ ಹಲ್ಲಿಲ್ಲದ ಅವಳಿಗೆ ಬನ್ನಣ್ಣನ ಮೆತ್ತಗಿನ ಬ್ರೆಡ್ಡು ಹಿಡಿಸಿಬಿಟ್ಟಿತು. ಬ್ರೆಡ್ಡು ಬಂದ ದಿನ ಆ ಗಾದೆ ಹೊರಬರುತ್ತಿರಲಿಲ್ಲ. ವಾರಕ್ಕೊಮ್ಮೆ ಅವನ ಆರು ಬಿಳಿ ಏಪ್ರನ್ನುಗಳು ಇಸ್ತ್ರಿಗೆ ಬರುತ್ತಿದ್ದವು. ಅವಕ್ಕೆ ಅವಳು ಗಂಜಿ ಸ್ವಲ್ಪ ಹೆಚ್ಚೇ ಹಾಕುತ್ತಿದ್ದಳು.

ಸಂಸ್ಥೆಯವರು ಇಬ್ಬರ ಫೋಟೋ ತೆಗೆದು, "ಎರಡು ಫೋನು, ಒಂದು ಸತ್ಯ" ಎಂದು ಪುಸ್ತಿಕೆ ಮಾಡಿದರು. ಅದನ್ನು ನೋಡಿ ಹನ್ನೊಂದು ಊರುಗಳಲ್ಲಿ ಇಂಥದೇ ಜೋಡಿ ಫೋನು ಶುರುವಾಯಿತಂತೆ.

ಆರನೇ ವರ್ಷದ ಒಂದು ಶನಿವಾರ ಈಚೆಯ ಒಬ್ಬನ ಬೈಕು ಸೇತುವೆಯ ಮೇಲೆ ಆಚೆಯ ಮುದುಕರೊಬ್ಬರಿಗೆ ಗುದ್ದಿತು. ಸೋಮವಾರ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಮಂಗಳವಾರ ಬೆಳಿಗ್ಗೆಯಿಂದ ಈಚೆ ಬೀದಿಯ ಬಾಗಿಲುಗಳು ಅರ್ಧ ಮಾತ್ರ ತೆರೆದಿದ್ದವು. ಆಚೆ ಜನ ಸೇರುತ್ತಿದ್ದಾರೆ ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು. ಮಧ್ಯಾಹ್ನ ಎರಡು ದಾಟಿದಾಗ ಗಡಿಯಾರದಜ್ಜ ಒಂದು ಗೋಡೆ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಬಾಗಿಲಲ್ಲಿ ನಿಂತ.

"ಆಚೆ ದವಾಖಾನೆದು ಇದು. ಇವತ್ತು ಕೊಡ್ತೀನಿ ಅಂದಿದ್ದೆ. ಹೋಗಬಹುದಾ ನೋಡು ಮಗಳೇ."

ಹಿಂದೆಯೇ ನಾಲ್ಕೈದು ಹೆಂಗಸರು ಬಂದರು. ಇಸ್ತ್ರಿಯಕ್ಕ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೈ ಒರೆಸಿಕೊಂಡು ಫೋನು ಮಾಡಿದಳು. ತುಂಬ ಹೊತ್ತು ಬಡಿದುಕೊಂಡಿತು. ಇನ್ನೇನು ನಿಲ್ಲಬೇಕು ಅನ್ನುವಾಗ ಎತ್ತಿದ.

"ಹೇಳು ತಂಗಿ."

"ಅಣ್ಣ, ಆ ಕಡೆ ಹೇಗಿದೆ? ಜನ ಸೇರ್ತಿದ್ದಾರಂತೆ."

"ಏನೂ ಇಲ್ಲ. ಎಲ್ಲ ತಣ್ಣಗಿದೆ. ಅಂಗಡಿ ತೆಗೆದೇ ಇದೆ."

"ನೋಡಿದೀಯಾ?"

"ನೋಡಿದೀನಿ. ಈಗ ತಾನೇ ಬೀದಿ ಕೊನೆವರೆಗೂ ಹೋಗಿ ಬಂದೆ." ಒಂದು ಕ್ಷಣ ಬಿಟ್ಟು, "ಅತ್ತೆಗೆ ಹೇಳು, ಸಂಜೆ ಬ್ರೆಡ್ಡು ಕಳಿಸ್ತೀನಿ. ಇವತ್ತಿಂದು ಮೆತ್ತಗೆ ಬಂದಿದೆ," ಎಂದ.

ಅವನ ಮಾತಿನ ಹಿಂದೆ ಕುರ್ಚಿಗಳನ್ನು ಎಳೆಯುವ ಸದ್ದು ಕೇಳಿತ್ತು. ಒಂದೆರಡಲ್ಲ, ತುಂಬ ಕುರ್ಚಿ. ಮಧ್ಯಾಹ್ನ ಎರಡು ಗಂಟೆಗೆ ಬೇಕರಿಯಲ್ಲಿ ನೊಣ ಕೂಡ ಇರುವುದಿಲ್ಲ, ಬನ್ನಣ್ಣ ಗಲ್ಲಾದ ಮೇಲೆ ತಲೆಯಿಟ್ಟು ತೂಕಡಿಸುವ ಹೊತ್ತು ಎಂದು ಅವಳಿಗೆ ಗೊತ್ತಿತ್ತು. ಕಿವಿ ಅದನ್ನು ಹಿಡಿಯಿತು, ಮನಸ್ಸು ಬಿಟ್ಟುಬಿಟ್ಟಿತು.

"ಏನೂ ಇಲ್ವಂತೆ. ಅಣ್ಣ ನೋಡಿ ಬಂದಿದಾನೆ," ಎಂದಳು.

ಅರ್ಧ ತೆರೆದಿದ್ದ ಬಾಗಿಲುಗಳು ಪೂರ್ತಿ ತೆರೆದವು. ಅಜ್ಜ ಗಡಿಯಾರವನ್ನು ಎದೆಗವಚಿಕೊಂಡು ಸೇತುವೆ ಹತ್ತಿದ.

ಮೂರೂ ಇಪ್ಪತ್ತಕ್ಕೆ ಅವರು ಬಂದರು. ನೂರಾರು ಜನ, ಮುಖಕ್ಕೆ ಬಟ್ಟೆ ಕಟ್ಟಿಕೊಂಡವರು ಕೆಲವರು, ಕಟ್ಟಿಕೊಳ್ಳದವರೇ ಹೆಚ್ಚು. ಸೇತುವೆಯಿಂದ ಇಳಿದ ಕೂಡಲೇ ಸಿಗುವ ಏಳು ಅಂಗಡಿಗಳಿಗೆ ಬೆಂಕಿ ಬಿತ್ತು. ಇಸ್ತ್ರಿಯಕ್ಕ ಅಂಗಡಿಯಲ್ಲೇ ಕೂತಿದ್ದ ಅತ್ತೆಯನ್ನು ಬೆನ್ನಿಗೆ ಹೇರಿಕೊಂಡು ಹಿಂಬಾಗಿಲಿನಿಂದ ಓಡಿದಳು. ಅತ್ತೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಸೊಸೆ ಮದುವೆಯಾಗಿ ಬಂದ ಮೇಲೆ ಅದೇ ಮೊದಲು. ಅಂಗಡಿಯಲ್ಲಿದ್ದ ಬಟ್ಟೆಯೆಲ್ಲ ಸುಟ್ಟುಹೋಯಿತು. ಅದರಲ್ಲಿ ಅರ್ಧ ಆಚೆಯವರದೇ. ಬೆಂಕಿ ಹಚ್ಚಿದವರಲ್ಲಿ ಕೆಲವರು ತಮ್ಮ ಅಂಗಿಯನ್ನು ತಾವೇ ಸುಟ್ಟಿರಬೇಕು. ಬನ್ನಣ್ಣನ ಆರು ಏಪ್ರನ್ನುಗಳೂ ಮೇಲಿನ ಹಲಗೆಯಲ್ಲಿದ್ದವು.

ಗಡಿಯಾರ ಕೊಟ್ಟು ವಾಪಸು ಬರುತ್ತಿದ್ದ ಅಜ್ಜ ಸೇತುವೆಯ ಆಚೆ ತುದಿಯಲ್ಲಿ ಅವರ ಎದುರಿಗೇ ಸಿಕ್ಕಿದ್ದ. ಯಾರೋ ನೂಕಿದರು, ಬಿದ್ದ. ಬಿದ್ದವನ ಬಲಗೈಯ ಮೇಲೆ ಗುಂಪು ಹಾದುಹೋಯಿತು. ಜೀವ ಉಳಿಯಿತು. ಮೂರು ಬೆರಳು ಮತ್ತೆ ಬಾಗಲಿಲ್ಲ.

ಹನ್ನೊಂದು ದಿನ ಕರ್ಫ್ಯೂ. ಆ ಹನ್ನೊಂದು ದಿನವೂ ಅವಳು ಅವನಿಗೆ ಫೋನು ಮಾಡಿದಳು. ಬೈಯುವುದಕ್ಕಲ್ಲ. ಅವನಿಗೇನಾದರೂ ಆಗಿದೆಯೋ ಎಂಬ ದಿಗಿಲಿಗೆ. ಪಾಪ ಅವನಿಗೂ ಗೊತ್ತಿರಲಿಲ್ಲವೇನೋ, ಅವನು ಬೀದಿ ನೋಡಿ ಒಳಗೆ ಬಂದ ಮೇಲೆ ಜನ ಸೇರಿರಬೇಕು, ಅವನ ಅಂಗಡಿಯನ್ನೂ ಒಡೆದರೋ ಏನೋ. ಅವನ ಪರವಾಗಿ ತನ್ನೊಳಗೆ ತಾನೇ ವಕೀಲಿ ಮಾಡುತ್ತಿದ್ದಳು. ಅವನು ಎತ್ತಲಿಲ್ಲ.

ಕರ್ಫ್ಯೂ ತೆಗೆದ ಮೇಲೆ ಬೀದಿ ಅವಳ ಕಡೆ ತಿರುಗಿತು. "ಇಸ್ತ್ರಿಯಕ್ಕ ಹೇಳಿದ್ಲು ಅಂತ ಬಾಗಿಲು ತೆಗೆದ್ವಿ," ಎಂದು ಒಬ್ಬಳು ನಲ್ಲಿಯ ಹತ್ತಿರ ಅವಳಿಗೆ ಕೇಳುವ ಹಾಗೆಯೇ ಹೇಳಿದಳು. ಗಡಿಯಾರದಜ್ಜನ ಮಗಳು ನೇರ ಮನೆಗೇ ಬಂದಳು. ಕೂತುಕೊಳ್ಳಲಿಲ್ಲ.

"ಒಂದೇ ಮಾತು ಕೇಳೋಕೆ ಬಂದೆ. ನಿಮಗೆ ಅವರು ಮನೆಯವರಾ, ನಾವಾ?"

ಅಜ್ಜನ ಮಗಳು ಹೋದ ಮೇಲೆ ಇಸ್ತ್ರಿಯಕ್ಕ ಗಂಡನ ಮುಖ ನೋಡಿದಳು. "ನಾನು ಸುಳ್ಳು ಹೇಳಿದ್ನಾ?"

"ನೀನು ಸುಳ್ಳು ಹೇಳಲಿಲ್ಲ," ಎಂದ ಗಂಡ, ಸ್ವಲ್ಪ ಯೋಚಿಸಿ. "ಇನ್ನೊಬ್ಬರ ಸುಳ್ಳನ್ನ ಹೊತ್ತು ತಂದೆ, ಅಷ್ಟೆ."

ಅವನು ಸಮಾಧಾನಕ್ಕೆಂದೇ ಹೇಳಿದ್ದು. ಅವಳು ಎರಡು ದಿನ ಊಟ ಬಿಟ್ಟಳು.

ಮರುವಾರ ಪೊಲೀಸ್ ಠಾಣೆಯಿಂದ ಕರೆ ಬಂತು. ಇನ್ಸ್‌ಪೆಕ್ಟರ್ ಒಂದು ಕಾಗದ ಮುಂದಿಟ್ಟುಕೊಂಡಿದ್ದ.

"ಎರಡು ಹದಿನೇಳಕ್ಕೆ ಆಚೆಗೆ ಫೋನು ಮಾಡಿದೀರಿ. ಒಂದು ನಿಮಿಷ ಹತ್ತು ಸೆಕೆಂಡು. ಏನು ಮಾತಾಡಿದ್ರಿ?"

ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಬ್ರೆಡ್ಡಿನ ಮಾತನ್ನೂ ಸೇರಿಸಿ. ಇನ್ಸ್‌ಪೆಕ್ಟರ್ ಅವಳನ್ನೇ ನೋಡಿದ.

"ಆ ಹೊತ್ತಿಗೆ ಬೇಕರಿಯ ಹಿಂದಿನ ಕೋಣೆಯಲ್ಲಿ ನಲವತ್ತು ಜನ ಕೂತಿದ್ರು. ಹನ್ನೆರಡು ಗಂಟೆಯಿಂದ ಅಲ್ಲೇ ಮೀಟಿಂಗು. ನಿಮಗೆ ಗೊತ್ತಿರಲಿಲ್ವಾ?"

ಕುರ್ಚಿಗಳ ಸದ್ದು ಆಗ ಪೂರ್ತಿಯಾಗಿ ಅವಳ ಕಿವಿಗೆ ಬಿತ್ತು. ಇವಳೂ ಅವರ ಜೊತೆ ಸೇರಿದ್ದಾಳೆ ಎಂದೇ ಇನ್ಸ್‌ಪೆಕ್ಟರ್ ಅಲ್ಲಿಯವರೆಗೆ ನಂಬಿದ್ದ. ಅವಳ ಮುಖ ನೋಡಿದ ಮೇಲೆ ಒಬ್ಬ ಹೆಂಗಸು ಕಾನ್‌ಸ್ಟೇಬಲ್‌ಗೆ ನೀರು ತರಲು ಹೇಳಿದ.

ಟೀಚರಮ್ಮ ಬಂದದ್ದು ಅದಾಗಿ ತಿಂಗಳಿಗೆ. ಸುಣ್ಣ ಬಳಿದು ಮತ್ತೆ ತೆರೆದ ಅಂಗಡಿಯಲ್ಲಿ ಗಿರಾಕಿಯಿಲ್ಲದ ಇಸ್ತ್ರಿಯಕ್ಕ ಮನೆಯ ಚಾದರಗಳನ್ನೇ ಇಸ್ತ್ರಿ ಮಾಡುತ್ತಿದ್ದಳು. ಟೀಚರಮ್ಮ ಸೊರಗಿದ್ದರು. ಅವಳ ಕೈ ಹಿಡಿದುಕೊಂಡು ಅತ್ತರು, ಅದು ಸುಳ್ಳು ಅಳುವಾಗಿರಲಿಲ್ಲ. ಆಮೇಲೆ ಚೀಲದಿಂದ ಒಂದು ವರದಿ ತೆಗೆದರು. ಅದರಲ್ಲಿ ಒಂದು ಸಾಲು ಹೀಗಿತ್ತು: ಅಂದು ಮಧ್ಯಾಹ್ನ ತಾಂತ್ರಿಕ ತೊಂದರೆಯಿಂದಾಗಿ ಎರಡು ಕಡೆಯವರ ನಡುವೆ ಫೋನ್ ಸಂಪರ್ಕ ಸಾಧ್ಯವಾಗಲಿಲ್ಲ.

"ಫೋನು ಸಿಕ್ಕಿತ್ತಲ್ಲ ಟೀಚರಮ್ಮ, ಅಣ್ಣ ಮಾತಾಡಿದ್ನಲ್ಲ."

"ಗೊತ್ತು ಅಕ್ಕ. ಹನ್ನೊಂದು ಊರಲ್ಲಿ ಜನ ನಿಮ್ಮಿಬ್ಬರನ್ನ ನೋಡಿ ಫೋನು ಇಟ್ಕೊಂಡಿದ್ದಾರೆ. ಹೀಗಾಯ್ತು ಅಂತ ತಿಳಿದ್ರೆ ನಾಳೆಯಿಂದ ಯಾರು ಯಾರನ್ನ ನಂಬ್ತಾರೆ? ಅಲ್ಲಿ ಜೀವ ಉಳೀತಿದೆ."

"ಸುಳ್ಳು ಸುದ್ದಿ ಹರಡಬಾರದು ಅಂತಲೇ ಅಲ್ವಾ ಶುರು ಮಾಡಿದ್ದು?"

ಟೀಚರಮ್ಮ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ಭಾನುವಾರ ಸಭೆ ಇದೆ. ಅವನೂ ಬರ್ತಾನೆ. ನೀವು ಏನೂ ಹೇಳಬೇಡಿ. ಸುಮ್ನೆ ಬಂದು ಕೂತ್ಕೊಳ್ಳಿ, ಸಾಕು."

ಭಾನುವಾರ ಅದೇ ಶಾಲೆಯ ಹಾಲಿನಲ್ಲಿ ಅದೇ ಕುರ್ಚಿಗಳು ದುಂಡಗೆ ಇದ್ದವು. ಇಪ್ಪತ್ತು ಜನ ಕೂರುತ್ತಿದ್ದಲ್ಲಿ ಎಂಟು ಜನ. ಬನ್ನಣ್ಣ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ, ಹುಬ್ಬು ಚೊಕ್ಕಟವಾಗಿ ತೊಳೆದುಕೊಂಡು. ಟೀಚರಮ್ಮ ವರದಿ ಓದಿದರು. ಫೋನಿನ ಸಾಲು ಬಂದಾಗ ಅವನು ತಲೆಯಾಡಿಸಿದ. ಹೌದು ಎನ್ನುವ ಹಾಗೆ, ಎರಡು ಸಲ.

ಇಸ್ತ್ರಿಯಕ್ಕ ಎದ್ದು ನಿಂತಳು. ಆರು ವರ್ಷದಲ್ಲಿ ಆ ಹಾಲಿನಲ್ಲಿ ಅವಳು ಎದ್ದು ನಿಂತದ್ದು ಅದೇ ಮೊದಲು.

"ಅಣ್ಣ, ಅವತ್ತು ನನ್ನ ಫೋನು ಬಂತಾ, ಇಲ್ವಾ?"

ಅವನು ತನ್ನ ಚಪ್ಪಲಿಯ ಬಾರನ್ನೇ ನೋಡುತ್ತಿದ್ದ.

"ನೆನಪಿಲ್ಲ," ಎಂದ.

ಅವಳು ಬ್ಯಾಗು ತೆಗೆದುಕೊಂಡು ಹೊರಟಳು. ಬಾಗಿಲ ಪಕ್ಕದಲ್ಲೇ ಅವನಿದ್ದದ್ದರಿಂದ ಅವನ ಮೊಣಕಾಲು ದಾಟಿಕೊಂಡೇ ಹೋಗಬೇಕಾಯಿತು. ಅವನು ಕಾಲು ಮಡಿಚಿ ದಾರಿ ಬಿಟ್ಟ.

ವಾರ ಬಿಟ್ಟು ಅವನೇ ಅಂಗಡಿಗೆ ಬಂದ. ಹಾಡುಹಗಲು, ಬೀದಿಯೆಲ್ಲ ನೋಡುತ್ತಿರುವಾಗಲೇ ಸೇತುವೆ ದಾಟಿ ಬಂದ. ಅದಕ್ಕೆ ಧೈರ್ಯ ಬೇಕಿತ್ತು ಎಂಬುದನ್ನು ಅವಳು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಕೈಯಲ್ಲಿ ಏನೂ ಇರಲಿಲ್ಲ. ಮೇಜಿನ ಆಚೆ ಬದಿಯಲ್ಲಿ ನಿಂತ.

"ನನ್ನ ಮಗ ಆ ಕೋಣೇಲಿದ್ದ ತಂಗಿ. ಅವನೂ ಅವರ ಜೊತೆ ಸೇರಿದಾನೆ ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ನಮ್ಮಣ್ಣ ಬಾಗಿಲಿಗೆ ಅಡ್ಡ ನಿಂತಿದ್ದ. ನಿನ್ನ ಫೋನು ಬಂತು. ನಾನು ಎತ್ತಲಿಲ್ಲ. ಎತ್ತಬಾರದು ಅಂತಲೇ ಸುಮ್ನೆ ಇದ್ದೆ. ಎತ್ತು ಅಂದ್ರು. ಎತ್ತಿ ಎಲ್ಲರಿಗೂ ಕೇಳೋ ಹಾಗೆ ಇಡು ಅಂದ್ರು. ಏನು ಹೇಳಬೇಕು ಅಂತ ಹೇಳಿಕೊಟ್ರು."

ಅವಳು ಒಂದು ಅಂಗಿಯ ತೋಳಿಗೆ ನೀರು ಚಿಮುಕಿಸಿ, ಪೆಟ್ಟಿಗೆ ಎಳೆದಳು. ಹಬೆ ಎದ್ದಿತು.

"ಏನೂ ಇಲ್ಲ ಅನ್ನು ಅಂತ ಹೇಳಿಕೊಟ್ರು. ಸರಿ. ನೋಡಿದೀನಿ ಅನ್ನು ಅಂದ್ರು. ಅದೂ ಸರಿ. ಸಂಜೆ ಅತ್ತೆಗೆ ಬ್ರೆಡ್ಡು ಕಳಿಸ್ತೀನಿ ಅಂತ ನೀವು ಅಂದ್ರಲ್ಲ, ಅದನ್ನೂ ಅವರೇ ಹೇಳಿಕೊಟ್ರಾ?"

ಅವಳು ಮತ್ತೆ "ನೀವು" ಎಂದದ್ದು ಬನ್ನಣ್ಣನಿಗೆ ತಾಕಿದ್ದು ಮುಖದಲ್ಲಿ ಕಂಡಿತು.

"ನೀನು ಅನ್ನು ತಂಗಿ."

"ನನಗೆ ನಂಬಿಕೆ ಬರಲಿ ಅಂತ ಹೇಳಿದ್ರಿ. ನನ್ನನ್ನ ಅಷ್ಟು ಚೆನ್ನಾಗಿ ಬಲ್ಲವರು ಆ ಕೋಣೇಲಿ ಬೇರೆ ಯಾರೂ ಇರಲಿಲ್ಲ. ಮೊನ್ನೆ ಸಭೇಲಿ ನಿಮ್ಮಣ್ಣ ಇರಲಿಲ್ಲ, ಮಗ ಇರಲಿಲ್ಲ. ಅಲ್ಲಿ ಬಾಗಿಲು ಯಾರು ಕಾಯ್ತಿದ್ರು?"

"ಪೊಲೀಸ್ ಕೇಸಾಗುತ್ತೆ. ಮಗನ ಹೆಸರು..." ಎಂದು ಅರ್ಧಕ್ಕೆ ನಿಲ್ಲಿಸಿದ.

"ಹೊರಡಿ," ಎಂದಳು. "ಗಡಿಯಾರದಜ್ಜ ಪಕ್ಕದಲ್ಲೇ ಇರ್ತಾರೆ. ಅವರನ್ನ ಕಂಡು ಹೋಗಬೇಕು ಅನ್ನಿಸಿದ್ರೆ ಕಂಡು ಹೋಗಿ."

ಅವನು ಹೊರಬಂದು ಗೂಡಂಗಡಿಯ ಕಡೆ ಎರಡು ಹೆಜ್ಜೆ ಇಟ್ಟ. ಒಳಗೆ ಅಜ್ಜ ಎಡಗೈಯಲ್ಲಿ ಚಿಮಟ ಹಿಡಿದು, ಚಕ್ರವನ್ನು ಹೇಗೆ ಕೂರಿಸಬೇಕೆಂದು ಮಗಳಿಗೆ ತೋರಿಸುತ್ತಿದ್ದ. ಬನ್ನಣ್ಣ ಅಲ್ಲೇ ನಿಂತು ನೋಡಿ, ತಿರುಗಿ ಸೇತುವೆ ಹತ್ತಿದ.

ಅವಳು ಮಾರನೇ ದಿನ ಠಾಣೆಗೆ ಹೋಗಿ, ಆ ದಿನದ ಫೋನಿನ ಬಗ್ಗೆ ತಾನು ಹೇಳಿದ್ದನ್ನು ಬರೆಸಿ ಸಹಿ ಹಾಕಿ ಬಂದಳು. ಕೇಸು ನಡೆಯುತ್ತಲೇ ಇದೆ. ಆಚೆಯವರು ಅವಳಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಟೀಚರಮ್ಮ ಒಮ್ಮೆ ಫೋನು ಮಾಡಿ, "ನೀವು ಹೀಗೆ ಮಾಡ್ತೀರಿ ಅಂತ ಅಂದ್ಕೊಂಡಿರಲಿಲ್ಲ," ಎಂದರು. ಸಂಸ್ಥೆ ಈ ಊರಿನ ಕೆಲಸ ಮುಗಿಸಿತು. ಪುಸ್ತಿಕೆಯಿಂದ ತನ್ನ ಫೋಟೋ ತೆಗೆಸಿ ಎಂದು ಅವಳು ಕೇಳಿಕೊಂಡಿದ್ದಳು. ಮುಂದಿನ ಮುದ್ರಣದಲ್ಲಿ ನೋಡೋಣ ಎಂದಿದ್ದಾರೆ.

ಈಚೆಯವರು ಒಬ್ಬೊಬ್ಬರಾಗಿ ಬಟ್ಟೆ ತರತೊಡಗಿದರು. ಕ್ಷಮಿಸಿದರು ಎಂದಲ್ಲ, ಅಷ್ಟು ಚೆನ್ನಾಗಿ ಇಸ್ತ್ರಿ ಮಾಡುವವರು ಬೇರೆ ಇರಲಿಲ್ಲ. ಬಟ್ಟೆ ಕೊಡುತ್ತಾರೆ, ಎಣಿಸುತ್ತಾರೆ, ಹೋಗುತ್ತಾರೆ. ಎಲ್ಲಿ ಏನು ಸುದ್ದಿಯಾದರೂ ಅವಳು ಬರುವುದನ್ನು ಕಂಡು ಮಾತು ಬದಲಿಸುತ್ತಾರೆ. ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಮಾತೇ ಆಡದವಳಿಗೆ ಇದರಿಂದ ಏನು ನಷ್ಟ ಎಂದು ಹೊರಗಿನವರಿಗೆ ಅನ್ನಿಸಬಹುದು. ಅವಳಿಗೆ ಅದು ಒಂದೊಂದು ಮಧ್ಯಾಹ್ನವೂ ತಿಳಿಯುತ್ತದೆ.

ಮೊನ್ನೆ ಅತ್ತೆ, ಚಹಾದಲ್ಲಿ ಅದ್ದಿದರೂ ಮೆತ್ತಗಾಗದ ಈಚೆ ಬೇಕರಿಯ ಬ್ರೆಡ್ಡನ್ನು ತಟ್ಟೆಗೆ ಹಾಕಿ, "ನಾನು ಅವತ್ತೇ ಹೇಳಿರಲಿಲ್ವಾ, ಬೆಳ್ಳಗಿರೋದೆಲ್ಲ..." ಎಂದು ಶುರು ಮಾಡಿದಳು.

"ಹೇಳಿದ್ರಿ ಅತ್ತೆ," ಎಂದಳು ಇಸ್ತ್ರಿಯಕ್ಕ. "ಹಾಲೇ ಆಗಿತ್ತು. ಅದಕ್ಕೇ ಇಷ್ಟು ನೋವು."

ಅತ್ತೆ ಬ್ರೆಡ್ಡಿನ ಗಟ್ಟಿ ಅಂಚನ್ನು ಚಿವುಟಿ ತೆಗೆದು, ಉಳಿದದ್ದನ್ನು ಸೊಸೆಯ ಕಡೆ ಸರಿಸಿದಳು.